ಗೊಡ್ಡು ಬೇಲಿಗೆ ಕಸಿ ಕಟ್ಟಿದವರು

ವರ್ಷವರ್ಷವೂ ಕತ್ತಿಯ ಬಾಯಿಗೆ ಸಿಕ್ಕಿದ್ದರಿಂದ ಕಾಯಿ ಬಿಡದೆ ಹೋಯಿತೋ, ಇಲ್ಲ ಹುಟ್ಟುಗುಣವೇ ಹಾಗೋ? ಸವರದೆ ಅದರ ಪಾಡಿಗೆ ಬಿಟ್ಟರೆ ಮುಂದಿನ ಮಳೆಗಾಲಕ್ಕೆ ಹೂವಾದೀತು. ಆದರೆ ಸರಿ; ಆಗದಿದ್ದರೆ? ಈಗಲೇ ಕಿತ್ತುಹಾಕಿ ಎಂದರೆ ಈ ಹೆಂಗಸರ ಮುಖ ಏನಾದೀತು? ಕೀಳಿಸದೆ ಸುಮ್ಮನಿದ್ದು, ಮೂರನೆಯ ವರ್ಷ ಬರಿಯ ಸೊಪ್ಪನ್ನೇ ತೋರಿಸಬೇಕಾಗಿ ಬಂದರೆ ಆಗ ಅದೇ ಮುಖ ಇನ್ನೇನಾದೀತು?

ಹಳ್ಳಿಮೈಸೂರು ಹೋಬಳಿಯ ಹುಲ್ಲೇಕೊಪ್ಪಲಿನ ಕಲ್ಲು ಇಳಿಜಾರಿನಲ್ಲಿ, ಆಗತಾನೆ ಊರಿದ ಕಾಡುಹರಳಿನ ಕಡ್ಡಿಗಳ ನಡುವೆ ನಿಂತಿದ್ದ ಶ್ರೀ ಚಲುವಯ್ಯನವರ ಮನಸ್ಸಿನಲ್ಲಿ ಇದೇ ಮಾತುಗಳು ಓಡುತ್ತಿದ್ದವೆಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಅವರು ಮನಸ್ಸನ್ನು ಬಾಯಿಗೆ ತರುವವರಲ್ಲ. ಪಕ್ಕದಲ್ಲಿದ್ದ ನನಗೆ ಕಂಡದ್ದು ಇಷ್ಟೇ: ಒಂದು ಕಡ್ಡಿಯ ತೊಗಟೆಯನ್ನು ಉಗುರಿನಿಂದ ಕೆರೆದರು, ಜಿನುಗಿದ ಸೊನೆಯನ್ನು ಬೆರಳುಗಳ ನಡುವೆ ಉಜ್ಜಿದರು, ಆಮೇಲೆ ಬಹಳ ಹೊತ್ತು ಏನೂ ಅನ್ನಲಿಲ್ಲ. ಆ ಮೌನದೊಳಗೆ ಏನಿತ್ತೆಂಬುದು ಮುಂದಿನ ಎರಡು ವರ್ಷಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ನನಗೆ ತಿಳಿಯಿತು. ಅವರ ನಿವೃತ್ತಿಯ ಈ ಸಂದರ್ಭದಲ್ಲಿ, ಅವರನ್ನು ಗೌರವಿಸಲು ಹೊರತರುತ್ತಿರುವ ಈ ಸಂಪುಟದಲ್ಲಿ ಅದನ್ನು ಬರೆದಿಡುವುದು ನನ್ನ ಪಾಲಿಗೆ ಬಂದ ಕರ್ತವ್ಯವೆಂದು ಭಾವಿಸಿದ್ದೇನೆ.

ಹಾಸನ ಸೀಮೆಯಲ್ಲಿ ಜೈವಿಕ ಇಂಧನದ ಮಾತು ಬಂದರೆ ಜನರಿಗೆ ಮೊದಲು ನೆನಪಾಗುವುದು ಹೊಂಗೆ. ಆಮೇಲೆ ಬೇವು, ಹಿಪ್ಪೆ. ಕಾಡುಹರಳಿನ ಹೆಸರು ಬಂದಾಗ ಮಾತ್ರ ಕೇಳಿದವರು ಸಣ್ಣಗೆ ನಗುತ್ತಾರೆ. ಅದಕ್ಕೆ ಕಾರಣವಿದೆ. ಒಂದು ಕಾಲದಲ್ಲಿ ಈ ಗಿಡವನ್ನು ನೀರು ಬೇಡದ, ಗೊಬ್ಬರ ಕೇಳದ, ಬಂಜರನ್ನೇ ಬಾವಿಯಾಗಿಸಿ ಎಣ್ಣೆ ಮೊಗೆದುಕೊಡುವ ಪವಾಡವೆಂದು ವೇದಿಕೆ ವೇದಿಕೆಗಳ ಮೇಲೆ ಹೊಗಳಿದರು. ಪವಾಡ ನಡೆಯದಾಗ ಅದೇ ಬಾಯಿಗಳು ಅದನ್ನು ಮೋಸದ ಗಿಡವೆಂದು ಕರೆದವು. ಹೊಗಳಿಕೆಯ ಕಾಲದಲ್ಲಿ ಹೊಗಳದೆ, ಬೈಗುಳದ ಕಾಲದಲ್ಲಿ ಬೈಯದೆ, ಎರಡೂ ಕಾಲಗಳಲ್ಲಿ ಅದೇ ಗಿಡದ ಮುಂದೆ ಅದೇ ಕುತೂಹಲದಿಂದ ಕುಳಿತಿದ್ದ ಕೆಲವೇ ಮಂದಿಯಲ್ಲಿ ಚಲುವಯ್ಯನವರು ಒಬ್ಬರು. ಬೀಜದಿಂದ ಎಬ್ಬಿಸಿದ ಸಸಿಗೆ ತಾಯಿಬೇರು ಇಳಿಯುತ್ತದೆ, ಆದರೆ ಗುಣ ತಾಯಿಯಂತೆಯೇ ಇರುತ್ತದೆಂಬ ಭರವಸೆಯಿಲ್ಲ. ಕಡ್ಡಿಯಿಂದ ಬಂದದ್ದು ತಾಯಿಯನ್ನೇ ಹೋಲುತ್ತದೆ, ಆದರೆ ಬೇರು ಮೇಲೆಮೇಲೆಯೇ ಹರಡುತ್ತದೆ. ಇವೆರಡರ ಒಳಿತನ್ನೂ ಒಂದೇ ಗಿಡಕ್ಕೆ ತರಬೇಕಾದರೆ ಕಸಿಯೊಂದೇ ದಾರಿ. ಇಷ್ಟನ್ನು ಪುಸ್ತಕದಲ್ಲಿ ಓದುವುದು ಸುಲಭ. ಇದನ್ನು ಅರಕಲಗೂಡಿನ ಕೆಂಪು ನೆಲದಲ್ಲೂ ಹೊಳೆನರಸೀಪುರದ ಕಲ್ಲುಭೂಮಿಯಲ್ಲೂ ಚನ್ನರಾಯಪಟ್ಟಣದ ಒಣಹವೆಯಲ್ಲೂ ಬೇರೆಬೇರೆಯಾಗಿ ಮಾಡಿ ನೋಡಿ, ಎಲ್ಲಿ ಯಾವುದು ನಿಲ್ಲುತ್ತದೆಂದು ರೈತರಿಗೆ ತಿಳಿಯುವ ಮಾತಿನಲ್ಲಿ ಹೇಳಿದ್ದು ಅವರ ಸೇವಾವಧಿಯ ಮುಖ್ಯ ಸಾಧನೆ. ‘ಹೊಲಕ್ಕೆ ಬೇಡ, ಬದುವಿಗೆ ಹಾಕಿ’ ಎಂಬುದು ಅವರ ಪಲ್ಲವಿಯಾಗಿತ್ತು.

ಹಳ್ಳಿಮೈಸೂರಿನ ಸಮೀಪದ ಹಳ್ಳಿಯೊಂದರ ಕಾಲೋನಿಯಲ್ಲಿ ಹುಟ್ಟಿ, ಆ ಬೀದಿಯಿಂದ ಪದವಿ ಪಡೆದ ಮೊದಲಿಗರಾಗಿ, ಅರಕಲಗೂಡಿನಲ್ಲಿ ಕ್ಷೇತ್ರ ಸಹಾಯಕರಾಗಿ ಅವರು ಸೇವೆಗೆ ಸೇರಿದರು. ತಂಬಾಕು ಬೆಳೆಯುವವರ ನಡುವೆ ಬೇಲಿಗಿಡದ ಮಾತಾಡುವುದೆಂದರೆ ನಗೆಪಾಟಲಾಗುವುದೆಂದೇ ಅರ್ಥ. ಅಲ್ಲಿಂದ ಹೊಳೆನರಸೀಪುರದ ಸಸಿಮಡಿಗೆ, ಅಲ್ಲಿಂದ ಹಾಸನದ ಬಳಿಯ ನಮ್ಮ ಜೈವಿಕ ಇಂಧನ ಕೇಂದ್ರಕ್ಕೆ ಅವರ ವರ್ಗಾವಣೆಗಳಾದವು. ನಡುವೆ ಒಮ್ಮೆ ಶೆಟ್ಟಿಹಳ್ಳಿಯ ಹಿನ್ನೀರಿನ ಅಂಚಿನಲ್ಲಿ ಪ್ರಾಯೋಗಿಕ ತಾಕು ಮಾಡಬೇಕೆಂದು ಮೇಲಿನಿಂದ ಆದೇಶ ಬಂತು. ಕಾಲು ಒದ್ದೆಯಾದರೆ ಈ ಗಿಡ ಬದುಕುವುದಿಲ್ಲವೆಂದು ಅವರು ವಿನಯದಿಂದಲೇ ತಿಳಿಸಿದರು, ಆದೇಶ ಬದಲಾಗಲಿಲ್ಲ, ನೆಟ್ಟರು, ಹೇಮಾವತಿ ಏರಿತು, ಸಸಿಗಳು ಕೊಳೆತವು. ಅಲ್ಲಿನ ಹಿನ್ನೀರಿನಲ್ಲಿ ನಿಂತಿರುವ ಪಾಳುಚರ್ಚಿನ ಮುಂದೆ ಫೋಟೊ ತೆಗೆಸಿಕೊಳ್ಳಲು ಬಂದವರು ಆ ಕೊಳೆತ ಸಾಲುಗಳನ್ನು ದಾಟಿ ಹೋಗುವುದನ್ನು ಚಲುವಯ್ಯನವರು ನೋಡುತ್ತ ನಿಂತಿದ್ದರಂತೆ. ಮರುವಾರದ ಸಭೆಯಲ್ಲಿ ಆ ಆದೇಶ ಹೊರಡಿಸಿದವರು ಎದುರಿಗೇ ಇದ್ದರೂ ಇವರು ಆ ಪ್ರಸ್ತಾಪವನ್ನು ಎತ್ತಲಿಲ್ಲವೆಂದು ಹಿರಿಯ ಸಹೋದ್ಯೋಗಿಗಳು ನನಗೆ ಹೇಳಿದ್ದಾರೆ.

ನಾನು ಚನ್ನರಾಯಪಟ್ಟಣದವಳು. ಕೃಷಿ ಪದವಿ ಮುಗಿಸಿ ಯೋಜನಾ ಸಹಾಯಕಿಯಾಗಿ ಅವರ ಕೈಕೆಳಗೆ ಸೇರಿದಾಗ, ಅಗತ್ಯಕ್ಕಿಂತ ಒಂದು ಮಾತನ್ನೂ ಹೆಚ್ಚು ಆಡದ, ಆಡಿದ ಮಾತನ್ನೂ ದಿನವಿಡೀ ಮೆಲುಕು ಹಾಕಿ ಕೊರಗುವ ಸ್ವಭಾವ ನನ್ನದು. ಅದನ್ನು ಕುಂದೆಂದು ಎಣಿಸದ ಮೊದಲ ಮೇಲಧಿಕಾರಿ ಅವರು. ಹಾಸನದಿಂದ ಅರಕಲಗೂಡಿನವರೆಗೆ ಜೀಪಿನಲ್ಲಿ ಇಬ್ಬರೂ ಮಾತಿಲ್ಲದೆ ಕುಳಿತು ಹೋದ ದಿನಗಳೆಷ್ಟೋ. ಅರಕಲಗೂಡಿನಲ್ಲಿ ಒಮ್ಮೆ ರೈತರ ಸಭೆಯಲ್ಲಿ ಮಾತಾಡಲು ನನ್ನನ್ನು ನಿಲ್ಲಿಸಿದರು. ಎದುರಿಗೆ ಶುಂಠಿ, ಮುಸುಕಿನ ಜೋಳ ಬೆಳೆಯುವ ಹಿರಿಯರು ಕೈಕಟ್ಟಿ ಕುಳಿತಿದ್ದರು. ನನ್ನ ಮೊದಲ ವಾಕ್ಯದ ನಂತರ ಎರಡನೆಯದು ಬರಲೇ ಇಲ್ಲ. ಆಗ ಹಿಂದಿನ ಸಾಲಿನಿಂದ ಒಂದು ದನಿ ಕೇಳಿತು.

“ಮೇಡಮ್ಮೋರೇ, ಕಡ್ಡಿ ಊರಿದ್ರೆ ತಾಯಿಬೇರು ಬತ್ತದಾ, ಬರಾಕಿಲ್ವಾ?”

ಕೇಳಿದವರು ಚಲುವಯ್ಯನವರೇ. ಯಾವಾಗ ಎದ್ದುಹೋಗಿ ರೈತರ ನಡುವೆ ಕುಳಿತಿದ್ದರೋ ನನಗೆ ತಿಳಿಯದು. ಅವರ ಗುರುತಿಲ್ಲದ ಮುದುಕರೊಬ್ಬರು ತಿರುಗಿ, “ಯಾವೂರಯ್ಯ ನಿಂದು? ಅಷ್ಟೂ ಗೊತ್ತಿಲ್ವಾ? ಕಡ್ಡೀಗೆಲ್ಲಿ ತಾಯಿಬೇರು ಬಂದಾತು!” ಎಂದು ಗದರಿದರು. ಸಭೆ ನಕ್ಕಿತು. ನಾನೂ ನಕ್ಕೆ. ಆ ನಗುವಿನ ಹಿಂದೆಯೇ ನನ್ನ ಎರಡನೆಯ ವಾಕ್ಯ ಬಂತು, ಮೂರನೆಯದೂ ಬಂತು. ವಾಪಸು ಬರುವಾಗ ಅವರು ಅದರ ಬಗ್ಗೆ ಏನೂ ಹೇಳಲಿಲ್ಲ. ಇಂದು ಹಾಸನದ ಕಾಲೇಜೊಂದರಲ್ಲಿ ತರಗತಿಯ ಮುಂದೆ ನಿಂತು ನಾನು ಪಾಠ ಹೇಳುತ್ತಿದ್ದರೆ ಅದಕ್ಕೆ ಆ ಪ್ರಶ್ನೆಯೇ ಅಡಿಗಲ್ಲು.

ಇನ್ನು ಹುಲ್ಲೇಕೊಪ್ಪಲಿನ ವಿಷಯ. ಊರಿನ ಪಡುವಣ ಬದಿಯಲ್ಲಿ ಕಲ್ಲುಕಲ್ಲಾದ ಒಂದು ಇಳಿಜಾರಿದೆ. ಕಾಲೋನಿಯ ಹೆಂಗಸರು ಮಾದಮ್ಮ ಎಂಬುವರ ಮುಂದಾಳುತನದಲ್ಲಿ ಸಂಘ ಕಟ್ಟಿಕೊಂಡು, ಎಣ್ಣೆಬೀಜ ಬೆಳೆಯಲು ಆ ಜಾಗವನ್ನು ಪಂಚಾಯಿತಿಯಿಂದ ಮೂರು ವರ್ಷಕ್ಕೆ ಪಡೆದಿದ್ದರು. ಮೂರನೆಯ ಮಳೆಗಾಲ ಮುಗಿಯುವಷ್ಟರಲ್ಲಿ ಫಸಲು ಕಂಡರೆ ಅನುಮತಿ ಮುಂದುವರಿಯುವುದು, ಕಾಣದಿದ್ದರೆ ಜಾಗ ಹಿಂದಕ್ಕೆ; ಕರಾರು ಇಷ್ಟೇ. ಬೇರೆಯವರ ಹೊಲಗಳಲ್ಲಿ ಕೂಲಿ ಮಾಡಿಯೇ ಬದುಕಿದ ಆ ಹೆಂಗಸರಿಗೆ ‘ನಮ್ಮದು’ ಎಂದು ಕಾಲಿಡಬಹುದಾಗಿದ್ದ ನೆಲ ಅದೊಂದೇ. ಪಂಚಾಯಿತಿ ಸದಸ್ಯರಾಗಿದ್ದ ನಂಜಪ್ಪನವರಿಗೆ ಅಲ್ಲಿ ಜಲ್ಲಿ ಲಾರಿಗಳನ್ನು ನಿಲ್ಲಿಸುವ ಯೋಚನೆಯಿತ್ತು. ಅವರದನ್ನು ಮುಚ್ಚಿಟ್ಟಿರಲಿಲ್ಲ. ಎದುರಿಗೇ ಹೇಳುತ್ತಿದ್ದರು, ನಗುತ್ತಲೇ ಹೇಳುತ್ತಿದ್ದರು.

ಸಸಿ ಒದಗಿಸಬೇಕಾದವರು ನಾವು. ಆ ವರ್ಷ ಮಳೆ ಮೊದಲೇ ಬಂದು, ಹಿಡಿದುಕೊಂಡು, ನಮ್ಮ ಸಸಿಮಡಿಯ ಚೀಲಗಳಲ್ಲಿ ನೀರು ನಿಂತು ಸಸಿಗಳು ಬುಡದಲ್ಲಿ ಕೊಳೆತವು. ಚಲುವಯ್ಯನವರು ಚನ್ನರಾಯಪಟ್ಟಣದ ಸಸಿಮಡಿಯೊಂದರಲ್ಲಿ ಬೇರೆ ಸಸಿಗಳನ್ನು ಗೊತ್ತುಮಾಡಿ, ವಿಷಯ ತಿಳಿಸಲು ಸ್ವತಃ ಹುಲ್ಲೇಕೊಪ್ಪಲಿಗೆ ಹೋದರು. ನಾನೂ ಜೊತೆಯಲ್ಲಿದ್ದೆ.

“ಒಂದ್ ವಾರ ತಡೀರಿ ಮಾದಮ್ಮ. ಲಾರೀಲಿ ಸಸಿ ತರಿಸ್ತೀನಿ. ಬೇಲಿ ಕಡ್ಡಿ ಮಾತ್ರ ಊರಬೇಡಿ,” ಎಂದರು.

ಮಾದಮ್ಮ ಆಕಾಶ ನೋಡಿದರು. “ಮಳೆ ನಿಮ್ ಲಾರೀನ ಕಾಯ್ಕಂಡ್ ಕುಂತಿರ್ತದಾ ಸಾ?” ಎಂದರು.

ಅವರ ಆತಂಕವೂ ಸುಳ್ಳಲ್ಲ. ಹದ ತಪ್ಪಿದರೆ ವರ್ಷವೇ ತಪ್ಪಿತು. ಮೂರರಲ್ಲಿ ಒಂದು ಹೋದರೆ ಉಳಿಯುವುದೆಷ್ಟು? ವಾರ ಕಳೆದು ಲಾರಿಯೊಡನೆ ನಾವು ಮತ್ತೆ ಹೋದಾಗ ಇಳಿಜಾರಿನ ತುಂಬ ಕಡ್ಡಿಗಳಿದ್ದವು.

ಇಲ್ಲಿ ನಮ್ಮ ಸೀಮೆಯ ಒಂದು ವಾಡಿಕೆಯನ್ನು ಹೇಳಬೇಕು. ಕಾಡುಹರಳು, ನಮ್ಮ ಬಾಯಲ್ಲಿ ಕಾಡಳ್ಳು, ಇಲ್ಲಿ ಬೆಳೆಯಲ್ಲ, ಬೇಲಿ. ದನ ಮೇಯುವುದಿಲ್ಲ, ಕಡ್ಡಿ ಊರಿದರೆ ಬರುತ್ತದೆ. ಬೇಲಿಗೆ ಇನ್ನೇನು ಬೇಕು? ಆದರೆ ಅದರ ಬೀಜ ಕಡಲೆಕಾಯಿಯಂತೆ ರುಚಿ, ತಿಂದ ಮಕ್ಕಳು ವಾಂತಿ ಮಾಡಿಕೊಂಡು ಒದ್ದಾಡುತ್ತಾರೆ. ಆದ್ದರಿಂದ ಹೊಸ ಬೇಲಿಗೆ ಕಡ್ಡಿ ತರುವವರು ಕಾಯಿ ಬಿಡದ ಬೇಲಿಯನ್ನೇ ಹುಡುಕಿ ತರುತ್ತಾರೆ. ಇದನ್ನು ಯಾರೂ ಯಾರಿಗೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ. ಮಕ್ಕಳಿರುವ ಮನೆಯ ಹೆಂಗಸಿನ ಕೈ ತಾನಾಗಿಯೇ ಆ ಕಡೆ ಹೋಗುತ್ತದೆ. ಅಜ್ಜಿ ಆರಿಸಿದ್ದನ್ನು ಸೊಸೆ ಆರಿಸಿ, ಸೊಸೆ ಆರಿಸಿದ್ದನ್ನು ಮೊಮ್ಮಗಳು ಆರಿಸಿ, ತಲೆಮಾರುಗಳ ಆರೈಕೆಯಲ್ಲಿ ನಮ್ಮೂರುಗಳ ಬೇಲಿಗಳು ಸೊಂಪಾಗಿವೆ, ಗೊಡ್ಡಾಗಿವೆ. ‘ವರ್ಷಾ ವರ್ಷ ಸವರ್ತೀವಲ್ಲ, ಅದ್ಕೆ ಕಾಯಿ ಇಲ್ಲ’ ಎಂಬುದು ಊರಿನ ತಿಳಿವಳಿಕೆ. ಅದೂ ಪೂರ್ತಿ ತಪ್ಪಲ್ಲ. ಎಷ್ಟು ಸರಿ, ಎಷ್ಟು ತಪ್ಪು ಎಂಬುದೇ ಯಾರಿಗೂ ಗೊತ್ತಿರಲಿಲ್ಲ.

“ನಂಜಪ್ಪಗೌಡ್ರ ಬೇಲೀಲಿ ಆರ್ಸಿ ಆರ್ಸಿ ತಂದಿವ್ನಿ ಸಾ,” ಎಂದರು ಮಾದಮ್ಮ. ಮುಖದಲ್ಲಿ ಗೆಲುವು. “ಊರ್ಗೇ ಒಳ್ಳೆ ಬೇಲಿ ಅದು. ಕಾಮಾಕ್ಷಮ್ಮೋರು ಕೈಯಾರೆ ಆಕಿದ್ದು. ಗೌಡ್ರು ಬ್ಯಾಡ ಅನ್ನನಿಲ್ಲ. ‘ತಕಂಡೋಗು, ನಿಮ್ ಪೆಟ್ರೋಲ್ ಬಂಕ್ಗೆ ನಂದೇ ಕಾಣ್ಕೆ’ ಅಂದ್ರು!”

ಕಾಮಾಕ್ಷಮ್ಮನವರು ನಂಜಪ್ಪನವರ ತೀರಿಹೋದ ತಾಯಿ. ಮನೆಯ ಮಕ್ಕಳಿಗಾಗಿ ಅವರು ಎಂಥ ಕಡ್ಡಿಗಳನ್ನು ಆರಿಸಿ ನೆಟ್ಟಿರಬೇಕೆಂಬುದು ಅದೇ ಸೀಮೆಯಲ್ಲಿ ಹುಟ್ಟಿ ಬೆಳೆದ ಚಲುವಯ್ಯನವರಿಗೆ ಹೇಳಿಕೊಡಬೇಕಾಗಿರಲಿಲ್ಲ. ಆಗಲೇ ಅವರು ಆ ಕಡ್ಡಿಯ ತೊಗಟೆಯನ್ನು ಕೆರೆದು ನೋಡಿದ್ದು. ಬಹಳ ಹೊತ್ತಿನ ನಂತರ, “ಸಾಲು ನೇರವಾಗಿದಾವೆ,” ಎಂದಷ್ಟೇ ಹೇಳಿ ಜೀಪು ಹತ್ತಿದರು. ಲಾರಿಯಲ್ಲಿದ್ದ ಸಸಿಗಳನ್ನು ಅರಕಲಗೂಡಿನ ಕಡೆಗೆ ತಿರುಗಿಸಿ, ಪಾಪಯ್ಯ ಎಂಬ ಪರಿಚಯದ ರೈತರ ಹೊಲದ ಬದುಗಳಿಗೆ ಹಾಕಿಸಿದರು. ದಾರಿಯುದ್ದಕ್ಕೂ ನಾನು ಕೇಳಬೇಕೆಂದುಕೊಂಡೆ. ಕೇಳಲಿಲ್ಲ.

ಕಡ್ಡಿಗಳು ಚಿಗುರಿದವು. ಮೊದಲ ವರ್ಷ ಎಲ್ಲೆಲ್ಲೂ ಎಲೆ. ಕಲ್ಲು ಕಾಣದಷ್ಟು ಹಸುರು. ನೋಡಲು ಬಂದವರೆಲ್ಲ ಹೊಗಳಿದರು. ಕಾಯಿಲ್ಲದಿರುವುದನ್ನು ಯಾರೂ ಗಮನಿಸಲಿಲ್ಲ, ಮೊದಲ ವರ್ಷವಲ್ಲವೇ. ಎರಡನೆಯ ಮಳೆಗಾಲ ಬಂದಾಗ ನಮ್ಮಿಬ್ಬರಿಗೂ ಆತಂಕ ಶುರುವಾಯಿತು. ಈ ಗಿಡದಲ್ಲಿ ಗಂಡುಹೂ ಹೆಣ್ಣುಹೂ ಎರಡೂ ಒಂದೇ ಗೊಂಚಲಿನಲ್ಲಿರುತ್ತವೆ. ಹೆಣ್ಣುಹೂ ಇದ್ದಷ್ಟೇ ಕಾಯಿ. ಬೇರೆ ಯಾವುದೋ ಕೆಲಸದ ನೆಪ ಮಾಡಿಕೊಂಡು ನಾವು ಹುಲ್ಲೇಕೊಪ್ಪಲಿನ ಮೇಲೆಯೇ ಹಾದುಹೋಗುತ್ತಿದ್ದೆವು. ಗೊಂಚಲುಗಳನ್ನು ಬಿಡಿಸಿ ನೋಡುತ್ತಿದ್ದೆವು. ಗಂಡು, ಗಂಡು, ಮತ್ತೆ ಗಂಡು. ಎಲ್ಲೋ ಒಂದು ಹೆಣ್ಣು ಸಿಕ್ಕರೆ ನಾನು ಹೊಸ ಭರವಸೆಯಿಂದ ಅವರ ಕಡೆ ನೋಡುತ್ತಿದ್ದೆ. ಅವರು ಆಗಲೇ ಮುಂದಿನ ಗಿಡಕ್ಕೆ ಹೋಗಿರುತ್ತಿದ್ದರು. ಸವರದೆ ಬಿಟ್ಟರೂ ಗೊಡ್ಡು ಗೊಡ್ಡೇ ಎಂಬುದು ಆ ಮಳೆಗಾಲದ ಕೊನೆಗೆ ಖಚಿತವಾಯಿತು. ಅವರ ಊಟ ಕಡಿಮೆಯಾದದ್ದನ್ನು ಆ ದಿನಗಳಲ್ಲಿ ಗಮನಿಸಿದ್ದೇನೆ. ನನ್ನ ನಿದ್ದೆಯೂ ಕಡಿಮೆಯಾಗಿತ್ತು.

ಊರಿನಲ್ಲಿ ಮಾತು ಶುರುವಾಗಿತ್ತು. ಒಂದು ಬೆಳಿಗ್ಗೆ ನಾವಿದ್ದಾಗಲೇ ನಂಜಪ್ಪನವರು ಬುಲೆಟ್ ನಿಲ್ಲಿಸಿ ಕೂಗಿದರು.

“ಏನ್ ಮಾದಮ್ಮ, ಬಂಕು ಯಾವಾಗ ಓಪನ್ನು? ಟ್ಯಾಂಕ್ ಖಾಲಿ ಮಾಡ್ಕಂಡ್ ಬಂದಿವ್ನಿ!”

“ತಳ್ಕಂಡ್ ಓಗಿ ಗೌಡ್ರೇ, ಒಟ್ಟೆನಾರ ಕರಗ್ತದೆ!” ಎಂದರು ಮಾದಮ್ಮ. ಹೆಂಗಸರೆಲ್ಲ ನಕ್ಕರು. ನಂಜಪ್ಪನವರೂ ಹೊಟ್ಟೆ ಸವರಿಕೊಂಡು ನಕ್ಕು ಹೊರಟರು. ಬೈಕಿನ ಸದ್ದು ಅಡಗಿದ ಮೇಲೆ ಮಾದಮ್ಮ ನಮ್ಮ ಕಡೆ ತಿರುಗಿದರು. ಆಗ ಅವರ ಮುಖದಲ್ಲಿ ನಗುವಿರಲಿಲ್ಲ. “ಕಾಯಿ ಬತ್ತದೆ ತಾನೆ ಸಾ?” ಎಂದು ಮೆಲ್ಲಗೆ ಕೇಳಿದರು.

ಮೂರನೆಯ ವರ್ಷದ ಬೇಸಿಗೆಯ ಆರಂಭದಲ್ಲಿ ಚಲುವಯ್ಯನವರು ಸಂಘದವರನ್ನೆಲ್ಲ ಇಳಿಜಾರಿನ ತಲೆಯಲ್ಲಿದ್ದ ಹೊಂಗೆಮರದಡಿ ಸೇರಿಸಿದರು. ಎಲ್ಲ ಗಿಡಗಳನ್ನೂ ಮೊಣಕಾಲೆತ್ತರಕ್ಕೆ ಕತ್ತರಿಸಬೇಕು, ಪಾಪಯ್ಯನವರ ಬದುಗಳಲ್ಲಿ ಚೆನ್ನಾಗಿ ಕಾಯಿ ಹಿಡಿದಿರುವ ಗಿಡಗಳಿಂದ ಕುಡಿ ತಂದು ಈ ಬೊಡ್ಡೆಗಳಿಗೆ ಕಸಿ ಕಟ್ಟಬೇಕು, ಕುಡಿ ಹತ್ತಿಕೊಂಡರೆ ಮಳೆಗಾಲದಲ್ಲೇ ಹೂವಾಗಿ ಪಂಚಾಯಿತಿಯ ತಪಾಸಣೆಯ ಹೊತ್ತಿಗೆ ಕಾಯಿ ಕಾಣುತ್ತದೆ ಎಂದು ಹೇಳಿದರು. ಹತ್ತಿಕೊಳ್ಳದಿದ್ದರೆ ಏನೆಂಬುದನ್ನು ಅವರು ಹೇಳಲಿಲ್ಲ. ಕೇಳಿದವರಿಗೆಲ್ಲ ಅದು ಗೊತ್ತಿತ್ತು. ಇದ್ದ ಹಸುರೂ ಹೋಗಿ, ಬರಿಯ ಮೋಟುಗಳನ್ನು ಪಂಚಾಯಿತಿಯ ಮುಂದೆ ತೋರಿಸಬೇಕಾಗುತ್ತಿತ್ತು.

ಮಾದಮ್ಮ ಎದ್ದು ನಿಂತರು.

“ಎಳೇ ಮಕ್ಳಂಗೆ ಸಾಕಿವ್ನಿ ಸಾ. ಕೊಡದಲ್ಲಿ ನೀರ್ ಒತ್ತಿವ್ನಿ. ಈಗ ಕುಯ್ದಾಕು ಅಂತೀರಲ್ಲ, ಅದ್ಯಾವ ಬಾಯಲ್ಲಿ ಅಂತೀರಿ? ಯಾಕ್ ಕಾಯಿ ಬರ್ನಿಲ್ಲ? ಅದ್ನ ಯೋಳಿ ಮೊದ್ಲು!”

“ಸಸಿ ಟೈಮಿಗೆ ಕೊಡಲಿಲ್ಲ ನಾವು,” ಎಂದರು ಚಲುವಯ್ಯನವರು. “ತಪ್ಪು ನಮ್ದು.”

“ನಿಮ್ದೇ ಮತ್ತೆ! ಆಪೀಸಲ್ಲಿ ಫ್ಯಾನ್ ಕೆಳ್ಗೆ ಕುಂತ್ಕಂಡು ಸಸಿ ಕೊಳೆಸ್ಬುಟ್ರಿ. ಈಗ ನಮ್ ಗಿಡ ಕುಯ್ಯಾಕೆ ಬಂದ್ಬುಟ್ರಿ. ನಮ್ಮಂತಾ ಬೀದೀಲೆ ಉಟ್ಟಿ ಬೆಳ್ದೋರು ನೀವು, ನೀವೇ ಇಂಗ್ ಮಾಡಿದ್ರೆ ಇನ್ಯಾರ್ನ ನಂಬಾನ ಸಾ ನಾವು?”

ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಸುತ್ತ ಊರಿನವರು ನಿಂತಿದ್ದರು, ನಂಜಪ್ಪನವರೂ ಬಂದು ನಿಂತಿದ್ದರು. ಕಡ್ಡಿಯ ಮಾತನ್ನು ನಾನು ಹೇಳಿಬಿಡುವವಳಿದ್ದೆ. ಆದರೆ ಚಲುವಯ್ಯನವರು ಒಮ್ಮೆ ನನ್ನ ಕಡೆ ನೋಡಿ ತಡೆದರು. ಆ ನೋಟವನ್ನು ನಾನು ಬಹಳ ಕಾಲ ಅರ್ಥ ಮಾಡಿಕೊಳ್ಳಲು ಯತ್ನಿಸಿದ್ದೇನೆ. ತಪ್ಪು ಯಾರದೆಂಬ ಪ್ರಶ್ನೆ ಪಂಚಾಯಿತಿಯ ಮುಂದೆ ಬಂದಾಗ ಅದು ಸುಲಭವಾಗಿ ಜಾರಿ ಬೀಳುವುದು ಯಾರ ತಲೆಯ ಮೇಲೆ ಎಂಬುದನ್ನು ಅವರು ಬಾಲ್ಯದಿಂದಲೇ ಕಂಡವರು. ‘ಇಲಾಖೆ ಸೋತಿತು’ ಎಂದಾದರೆ ಇಲಾಖೆಗೆ ಇನ್ನೊಂದು ಯೋಜನೆ ಬರುತ್ತದೆ. ‘ಈ ಹೆಂಗಸರ ಕೈಯಲ್ಲಿ ಆಗಲಿಲ್ಲ’ ಎಂದಾದರೆ ಅವರಿಗೆ ಇನ್ನೊಂದು ಇಳಿಜಾರು ಬರುವುದಿಲ್ಲ. ಕೇಂದ್ರದ ಸಭೆಯಲ್ಲಿ ವಿವರಣೆ ಕೇಳಿದಾಗಲೂ ಅವರು ಹೇಳಿದ್ದು “ಜವಾಬ್ದಾರಿ ನನ್ನದು” ಎಂಬ ಒಂದೇ ಮಾತು. ಆ ವರ್ಷ ಬರಬೇಕಾಗಿದ್ದ ಬಡ್ತಿ ಬರಲಿಲ್ಲ.

ಬೈದು ಮುಗಿಸಿದ ಮಾದಮ್ಮ ಮನೆಗೆ ಹೋಗಿ ಕುಡುಗೋಲು ತಂದು ಮೊದಲ ಗಿಡವನ್ನು ತಾವೇ ಕತ್ತರಿಸಿದರು. ಅಲ್ಲಿಂದ ಮುಂದಿನ ವಾರಗಳೆಲ್ಲ ಕಸಿಯ ಕೆಲಸವೇ. ಬೊಡ್ಡೆ ಕತ್ತರಿಸಿದೊಡನೆ ಸೊನೆ ಉಕ್ಕುತ್ತದೆ. ಅದು ನಿಲ್ಲುವವರೆಗೆ ಕಾಯಬೇಕು, ತೀರ ಒಣಗಲೂ ಬಿಡಬಾರದು. ಸೀಳು ನೇರವಿರಬೇಕು, ಕುಡಿಯ ತೊಗಟೆ ಬೊಡ್ಡೆಯ ತೊಗಟೆಗೆ ಕೂಡಬೇಕು, ಗಾಳಿ ನುಸುಳದಂತೆ ಬಿಗಿಯಬೇಕು. ಕಟ್ಟಲು ತಂದಿದ್ದ ಪಟ್ಟಿ ಸಾಲದೆ ಹೋದಾಗ ಹೆಂಗಸರು ಹಾಲಿನ ಪ್ಯಾಕೆಟ್ಟುಗಳನ್ನು ತೊಳೆದು, ಒರೆಸಿ, ಉದ್ದುದ್ದಕ್ಕೆ ಕತ್ತರಿಸಿ ತಂದರು. ಚಲುವಯ್ಯನವರು ಸಾಲು ಸಾಲಾಗಿ ಮಂಡಿಯೂರಿ ಕುಳಿತು ಒಬ್ಬೊಬ್ಬರ ಕೈ ಹಿಡಿದು ತೋರಿಸಿಕೊಟ್ಟರು. ಮಾದಮ್ಮ ಅವರೊಡನೆ ಮಾತು ಬಿಟ್ಟಿದ್ದರು. ಕುಡಿ ಬೇಕಾದಾಗ ನನ್ನ ಮೂಲಕ ಕೇಳುತ್ತಿದ್ದರು. ಅವರು ಪಕ್ಕದಲ್ಲೇ ಕುಳಿತು ನನ್ನ ಮೂಲಕವೇ ಕೊಡುತ್ತಿದ್ದರು.

“ಏನ್ ಸಾ, ಗುಡ್ಡನ ಬೋಳ್ಮಂಡೆ ಮಾಡ್ಬುಟ್ರಿ? ತಿರುಪ್ತಿಗೆ ಮುಡಿ ಅರ್ಕೆ ಇತ್ತಾ?” ಎಂದು ನಂಜಪ್ಪನವರು ದಾರಿಯಿಂದ ಕೂಗಿದಾಗ ಯಾರೂ ನಗಲಿಲ್ಲ.

ಕಸಿ ಕಟ್ಟಿದ ಮೇಲೆ ಮಾಡಲು ಏನೂ ಇರಲಿಲ್ಲ, ಕಾಯುವುದೊಂದನ್ನು ಬಿಟ್ಟು. ಅಕಾಲದ ಮಳೆಯೊಂದು ಬಂದು ಕಟ್ಟಿನೊಳಗೆ ನೀರು ಇಳಿದರೆ ಮುಗಿಯಿತು. ಮೋಡ ಕಂಡಾಗಲೆಲ್ಲ ಹೆಂಗಸರು ಓಡಿಹೋಗಿ ಮೋಟುಗಳಿಗೆ ಪ್ಲಾಸ್ಟಿಕ್ ಚೀಲ ತೊಡಿಸುತ್ತಿದ್ದರಂತೆ, ಮೋಡ ಚೆದುರಿದರೆ ಬಿಸಿಗೆ ಬೇಯದಂತೆ ಮತ್ತೆ ಓಡಿಹೋಗಿ ತೆಗೆಯುತ್ತಿದ್ದರಂತೆ. ನಾನು ಹಾಸನದಲ್ಲಿ ಕುಳಿತು ಆಕಾಶ ನೋಡುತ್ತಿದ್ದೆ. ಕುಡಿ ಹಸುರಾಗಿದೆ ಎಂದು ಸುದ್ದಿ ಬಂದಾಗಲೂ ಚಲುವಯ್ಯನವರ ಮುಖ ಸಡಿಲಾಗಲಿಲ್ಲ. “ಕಾಡುಹರಳು ಸತ್ತ ಮೇಲೂ ತಿಂಗಳುಗಟ್ಟಲೆ ಹಸುರಾಗಿರುತ್ತೆ. ಎಲೆ ಬಿಚ್ಚಲಿ,” ಎಂದರು. ಎಲೆ ಬಿಚ್ಚಿತು. ಎಲ್ಲದರಲ್ಲೂ ಅಲ್ಲ, ಕೆಳಗಿನ ಸಾಲುಗಳಲ್ಲಿ ಬಹಳಷ್ಟು ಒಣಗಿದವು. ಮೇಲಿನವು ಹಿಡಿದುಕೊಂಡವು. ಮಳೆಗಾಲದಲ್ಲಿ ಹೂವಾದವು, ಹೂವಿನಲ್ಲಿ ಹೆಣ್ಣು ಕಂಡಿತು.

ದಸರೆ ಕಳೆದ ಮೇಲೆ ತಪಾಸಣೆಗೆ ಬಂದವರು ಇಳಿಜಾರು ಹತ್ತಿದರು. ಗೊಂಚಲು ಗೊಂಚಲಾಗಿ ಕಾಯಿಗಳಿದ್ದವು, ಕೆಲವು ಹಳದಿಗೆ ತಿರುಗಿದ್ದವು. ಎಲ್ಲ ಸರಿಯಾಗಿಯೇ ನಡೆಯುತ್ತಿದ್ದಾಗ ನಂಜಪ್ಪನವರು ಒಂದು ಕಾಯಿ ಕಿತ್ತು, ಅಂಗೈಯಲ್ಲಿ ಉರುಳಿಸಿ, ನಿಜವಾದ ಆಶ್ಚರ್ಯದಿಂದ, “ಅಲ್ಲಾ ಸಾ, ಇದು ನಮ್ ಬೇಲಿ ಕಡ್ಡಿ ಅಲ್ವಾ? ನಾ ಉಟ್ದಾಗಿಂದ ಅದ್ರಲ್ಲಿ ಕಾಯಿ ಕಂಡಿಲ್ಲ ಕಣಪ್ಪ,” ಎಂದರು. ಬಂದಿದ್ದ ಅಧಿಕಾರಿ ತಿರುಗಿ ನೋಡಿದರು. ಆ ಕ್ಷಣದಲ್ಲಿ ಎಲ್ಲವೂ ಹೊರಬರಬಹುದಿತ್ತು: ಯಾರು ತಂದರು, ಯಾಕೆ ತಂದರು, ಯಾರ ಮಾತು ಮೀರಿ ತಂದರು. ಮಾದಮ್ಮನ ಕೈ ಸೆರಗಿನ ತುದಿಯನ್ನು ಹಿಂಡುತ್ತಿತ್ತು.

“ಬೇರು ನಿಮ್ದೇ ಗೌಡ್ರೇ,” ಎಂದರು ಚಲುವಯ್ಯನವರು. “ತಲೆ ಮಾತ್ರ ಅರಕಲಗೂಡಿಂದು.”

“ಅಂಗಾರೆ ಅರ್ಧ ಎಣ್ಣೆ ನಂದು!” ಎಂದು ನಂಜಪ್ಪನವರು ನಕ್ಕರು. ಅಧಿಕಾರಿಯೂ ನಕ್ಕರು. ಅನುಮತಿ ಮುಂದುವರಿಯಿತು.

ಇಷ್ಟಾದ ಮೇಲೆ ಎಲ್ಲವೂ ಸುಖವಾಯಿತೆಂದು ಬರೆದರೆ ಚಲುವಯ್ಯನವರೇ ಒಪ್ಪಲಾರರು. ಕಾಡುಹರಳಿನ ಎಣ್ಣೆಯಿಂದ ಬಸ್ಸುಗಳು ಓಡಲಿಲ್ಲ. ಹುಲ್ಲೇಕೊಪ್ಪಲಿನ ಎಣ್ಣೆ ಒಂದೆರಡು ಪಂಪ್‌ಸೆಟ್ಟುಗಳಿಗೆ, ಒಂದು ಹಿಟ್ಟಿನ ಗಿರಣಿಗೆ, ಸ್ವಲ್ಪ ಸೋಪಿಗೆ ಆಗುತ್ತಿದೆ, ಹಿಂಡಿ ಗೊಬ್ಬರವಾಗುತ್ತಿದೆ. ಯೋಜನೆ ನಿಂತಿತು, ಕೇಂದ್ರ ಸಣ್ಣದಾಯಿತು, ನಾವೆಲ್ಲ ಚೆದುರಿದೆವು. ಅವರು ಜೀವಮಾನವಿಡೀ ಆರಿಸಿ ಬೆಳೆಸಿದ ತಾಯಿಗಿಡಗಳ ತಾಕನ್ನು ಅವರು ಹೋದ ಮೇಲೆ ಯಾರು ನೋಡಿಕೊಳ್ಳುವರೆಂಬುದು ಇನ್ನೂ ತೀರ್ಮಾನವಾಗಿಲ್ಲ. ಅದನ್ನು ನೆನೆದಾಗ ಹಳೆಯ ಆತಂಕವೇ ಮತ್ತೆ ಬರುತ್ತದೆ. ಆದರೆ ಆ ಇಳಿಜಾರು ಇಂದಿಗೂ ಆ ಹೆಂಗಸರ ಕೈಯಲ್ಲಿದೆ. ಸಾಲುಗಳ ನಡುವೆ ಹುರುಳಿ ಬಿತ್ತುತ್ತಾರೆ. ಅಂಚಿಗೆ ಹೊಂಗೆ ಹಾಕಿದ್ದಾರೆ. ಮಕ್ಕಳು ಹಣ್ಣು ತಿನ್ನದಂತೆ ಸುಗ್ಗಿಯ ದಿನಗಳಲ್ಲಿ ಸರದಿಯ ಮೇಲೆ ಕಾವಲಿರುತ್ತಾರೆ.

ಈ ಲೇಖನ ಬರೆಯುವ ಮುನ್ನ ನಾನು ಮಾದಮ್ಮನವರಲ್ಲಿಗೆ ಹೋಗಿದ್ದೆ. ಇದನ್ನು ಬರೆಯಬಹುದೇ ಎಂದು ಹೇಗೆ ಕೇಳುವುದೆಂದು ತಿಳಿಯದೆ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಅವರೇ ಕೊನೆಗೆ ಬಾಯಿಬಿಟ್ಟರು.

“ಕಡ್ಡಿ ಇಚಾರ ತಾನೆ? ನಂಗೇನ್ ಗೊತ್ತಿಲ್ವಾ ಅನ್ಕಂಡಿದ್ದೀಯಾ? ಅರಕಲಗೂಡಿನ ಕುಡೀಲಿ ಕಾಯಿ ಕಂಡ ದಿನವೇ ತಿಳೀತು ಕಣವ್ವ. ಸಾ ಬಾಯಿ ಬುಡ್ನಿಲ್ಲ. ನಾನೂ ಬುಡ್ನಿಲ್ಲ. ಏನಂತ ಬುಡ್ಲಿ? ಅಷ್ಟ್ ಜನದ್ ಮುಂದೆ ಬೈದಿವ್ನಲ್ಲ.” ಆಮೇಲೆ, “ಬರಿ. ನನ್ ಎಸ್ರು ಆಕೇ ಬರಿ. ಸುಮ್ಕೆ ‘ಒಬ್ಬ ಎಂಗ್ಸು’ ಅಂತ ಬರ್ದ್ಬುಟ್ಟೀಯ!” ಎಂದರು.

ಪೂಜ್ಯ ಚಲುವಯ್ಯನವರಿಗೆ ಆಯುಸ್ಸು ಆರೋಗ್ಯಗಳು ಬೇಕಾದಷ್ಟಿರಲಿ. ಕಸಿಚಾಕು ಹಿಡಿದ ಆ ಕೈ ಇನ್ನೂ ಬಹುಕಾಲ ನಡುಗದಿರಲಿ. ಸರ್ಕಾರಿ ಸೇವೆ ಮುಗಿದರೂ ನಮ್ಮ ನಾಲ್ಕು ತಾಲ್ಲೂಕುಗಳ ಬದುಗಳಲ್ಲಿ ಅವರಿಗೆ ಕೆಲಸ ಮುಗಿಯದಿರಲಿ, ಅವರ ತಾಯಿಗಿಡಗಳ ತಾಕಿಗೆ ತಕ್ಕ ಕಾವಲು ಸಿಗಲಿ, ನನ್ನಂತೆ ಮಾತು ಬಾರದ ಇನ್ನೂ ಕೆಲವರಿಗೆ ಅವರ ಜೊತೆ ದೊರೆಯಲಿ ಎಂದು ಮನಸಾರೆ ಹಾರೈಸುತ್ತೇನೆ. ಅವರು ಆಡಿದ ಮಾತುಗಳನ್ನು ಈ ಸಂಪುಟದಲ್ಲಿ ಬೇರೆಯವರು ಬರೆದಿರುತ್ತಾರೆ. ನನ್ನ ಪಾಲಿಗೆ ಉಳಿದದ್ದು ಆಡದ ಮಾತು.

‘ಒಂದು ವಾರ ತಡೆಯಿರಿ ಎಂದು ನಾನು ಮೊದಲೇ ಹೇಳಿದ್ದೆ’ ಎಂದು ಚಲುವಯ್ಯನವರು ಮಾದಮ್ಮನಿಗೆ ಎಂದೂ ಹೇಳಲಿಲ್ಲ.